ಹವಾಲ್ದಾರ ಕಾಕಾ ಹಲಗೆ ಬಾರಿಸಿದ ದಿನ

ಕಳೆದ ವಾರ ಮಾಳಿಗೆಯ ಮೇಲಿನ ಟ್ರಂಕು ತೆಗೆಸಿದಾಗ ಒಣಗಿದ ಬೇವಿನೆಲೆಯ ವಾಸನೆ ಬಂತು. ನುಸಿ ಹತ್ತದಿರಲೆಂದು ಸೊಸೆ ಉಣ್ಣೆಯ ಶಾಲುಗಳ ನಡುವೆ ಹಾಕಿಟ್ಟಿದ್ದಳು. ಉಣ್ಣೆ ಮತ್ತು ಬೇವು ಕೂಡಿದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಸೊಸೆ ಗಾಬರಿಯಾಗಿ ನೀರು ತಂದಳು. ನನಗೇನೂ ಆಗಿರಲಿಲ್ಲ. ಬೈಲಹೊಂಗಲದ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ಹವಾಲ್ದಾರ ಕಾಕಾನ ದಂಡಿನ ಕೋಟು ನೆನಪಾಗಿತ್ತು, ಅಷ್ಟೇ.

ನಾನು ಸವದತ್ತಿಯಿಂದ ಆ ಓಣಿಗೆ ಸೊಸೆಯಾಗಿ ಬಂದಾಗ ಮೊದಲನೆಯ ದೊಡ್ಡ ಯುದ್ಧ ಮುಗಿದು, ದಂಡಿಗೆ ಹೋದವರು ಊರಿಗೆ ಮರಳಿದ್ದರು. ಕಾಕಾ ಸಮುದ್ರದಾಚೆಯ ಬಸ್ರಾದ ಲಡಾಯಿಯಿಂದ ಬಂದವರು. ಎಡಗಾಲು ಕೊಂಚ ಎಳೆಯುತ್ತಿತ್ತು, ಸಿಟ್ಟಿಗೆ ಮಾತ್ರ ಯಾವ ಊನವೂ ಆಗಿರಲಿಲ್ಲ. ಎಮ್ಮೆಗೂ ‘ಹಾಲ್ಟ್’ ಎನ್ನುತ್ತಿದ್ದರು, ಅದು ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಮಾತಾಡಿಸಿ, ಮಾತಾಡಿಸಿದವರ ಜೊತೆ ಜಗಳ ತೆಗೆದು, ಜಗಳವಾಡಿದವರಿಗೆ ಚಹಾ ಕುಡಿಸಿ ಕಳಿಸುವುದು ಅವರ ದಿನಚರಿ. ಚಹಾದ ಚಟ ದಂಡಿನಲ್ಲಿ ಹತ್ತಿದ್ದು. ಕಾಕಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಹೀಗಾಗಿ ಚಹಾ ಕಾಸುವ ಕೆಲಸ ನನ್ನ ಕೊರಳಿಗೆ ಬಿತ್ತು. “ತಂಗಿ, ಇದು ಚಾ ಅಲ್ಲ, ಎಮ್ಮಿ ತೊಳದ ನೀರು” ಎನ್ನುತ್ತಲೇ ಇನ್ನೊಂದು ಬಟ್ಟಲು ಕೇಳುತ್ತಿದ್ದರು.

ಊರಿನಲ್ಲಿ ಡಂಗುರ ಸಾರುವವನೂ ಬಸ್ರಾಕ್ಕೆ ಹೋಗಿಬಂದವನೇ. ಚರ್ಮ ಬಿಗಿದ ಹಲಗೆ ಬಾರಿಸಿ ಸರಕಾರದ ಹುಕುಂ, ಊರ ಹಿರಿಯರ ಮಾತು ಓಣಿ ಓಣಿಗೆ ಮುಟ್ಟಿಸುವುದು ಅವನ ಮನೆತನದ ಕೆಲಸ. ಬಸ್ರಾದಲ್ಲಿ ಅವನೂ ಕಾಕಾನೂ ಒಂದೇ ತಾಟಿನಲ್ಲಿ ಉಂಡವರಂತೆ. ಬೈಲಹೊಂಗಲದಲ್ಲಿ ಅದು ಸಾಧ್ಯವಿರಲಿಲ್ಲ. ಹಲಗೆಯವರ ಕೇರಿ ಊರಾಚೆ ಇತ್ತು, ಅವನು ನಮ್ಮ ಓಣಿಯ ಯಾರ ಕಟ್ಟೆಯನ್ನೂ ಏರುವ ಹಾಗಿರಲಿಲ್ಲ. ಅವನು ತಂದ ತಂಬಿಗೆಗೆ ನಾನು ಎತ್ತರದಿಂದ ಚಹಾ ಹೊಯ್ಯಬೇಕು, ಅತ್ತೆ ಬಾಗಿಲ ಮರೆಯಲ್ಲಿ ನಿಂತು ನೋಡಬೇಕು. ಅವನು ಬಂದಾಗಲೆಲ್ಲ ಕಾಕಾನಿಗೆ ಕಾಲುನೋವು ಶುರುವಾಗುತ್ತಿತ್ತು. “ಈ ಕಟ್ಟಿ ಮ್ಯಾಲ ಕಾಲ ಚಾಚಾಕ ಬರಂಗಿಲ್ಲ” ಎನ್ನುತ್ತ ಇಳಿದು ಅವನ ಪಕ್ಕದ ನೆಲಕ್ಕೇ ಕುಳಿತುಬಿಡುತ್ತಿದ್ದರು. ಅದು ಎಂಥ ನೋವೆಂದು ಓಣಿಗೆಲ್ಲ ಗೊತ್ತಿತ್ತು… ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅಂಥದರಲ್ಲಿ ತಾಲೂಕು ಬೋರ್ಡಿನ ಎಲೆಕ್ಷನ್ ಬಂತು. ರಸ್ತೆ, ಸಾಲೆ, ಕುಡಿಯುವ ನೀರು ನೋಡಿಕೊಳ್ಳುವ ಬೋರ್ಡು. ಎಲ್ಲರಿಗೂ ಓಟು ಇರಲಿಲ್ಲ. ಕಂದಾಯ ಕಟ್ಟುವ ರೈತರಿಗೆ ಇತ್ತು, ದಂಡಿನಿಂದ ಬಂದವರಿಗೆ ಕೊಟ್ಟಿದ್ದರು, ನಮ್ಮಂಥ ಹೆಂಗಸರ ಮಾತು ಬಿಡಿ. ಒಂದು ಕಡೆ ಊರ ಜಮೀನ್ದಾರ, ವಾಡೆಯ ಧಣಿ ನಿಂತಿದ್ದ, ಇನ್ನೊಂದು ಕಡೆ ಕೆಲಸದಿಂದ ಇಳಿದಿದ್ದ ಸಾಲೆಯ ಮಾಸ್ತರರು.

ರೇಡಿಯೋ ಗೀಡಿಯೋ ಇಲ್ಲದ ಕಾಲ, ಓದಬಲ್ಲವರು ಬೆರಳೆಣಿಕೆಯ ಮಂದಿ. ಸುದ್ದಿ ಅಂದರೆ ಹಲಗೆ, ಹಲಗೆ ಅಂದರೆ ಸರಕಾರ. ಧಣಿ ಆ ಹಲಗೆಗೇ ಕೈ ಹಾಕಿದ. ಡಂಗುರದವನ ವರ್ಷದ ಕಾಳು ಬರುತ್ತಿದ್ದದ್ದು ವಾಡೆಯ ಕಣಜದಿಂದ, ಅವನು ಒಲ್ಲೆ ಅನ್ನುವುದಾದರೂ ಹೇಗೆ? ಬೆಳಿಗ್ಗೆ, ಸಂಜೆ ಡಂಗುರ ಶುರುವಾಯಿತು. “ಕೇಳ್ರೆಪೋ ಕೇಳ್ರಿ, ಮಾಸ್ತರ ಆರಿಸಿ ಬಂದ್ರ ಕೆರಿ ನೀರಿಗೆ ಪಟ್ಟಿ ಬೀಳತೈತಿ, ದನದ ತಲಿಗೂ ಪಟ್ಟಿ ಬೀಳತೈತಿ.” ಈ ತೆರಿಗೆಯ ಮಾತು ಸಾಲದೆಂದು ಆಮೇಲೆ ದಂಡಿನವರ ಪಿಂಚಣಿಯೂ ಬಂದ್ ಆಗುತ್ತದೆಂದು ಸಾರಿಸಿದ. ಸುದ್ದಿ ಸುತ್ತಲ ಹಳ್ಳಿಗಳಿಗೂ ಹಬ್ಬಿತು, ಜನ ನಂಬಿದರು. ನಂಬದೆ ಏನು ಮಾಡುತ್ತಾರೆ, ಪ್ಲೇಗು ಬಂದಾಗ ಊರು ಬಿಡಿರೆಂದು ಹೇಳಿ ಜೀವ ಉಳಿಸಿದ್ದೂ ಅದೇ ಹಲಗೆ. ಮಾಸ್ತರರಿಗೆ ತಮ್ಮ ಮಾತು ಹೇಳಲು ಹಲಗೆಯೇ ಸಿಗಲಿಲ್ಲ.

ಕಾಕಾನ ಸಿಟ್ಟು ನೆತ್ತಿಗೇರಿತು. ಮಾಸ್ತರರ ಮೇಲೆ ಅವರಿಗೆ ಅಂಥ ಪ್ರೀತಿ ಏನೂ ಇರಲಿಲ್ಲ, ಸಣ್ಣವರಿದ್ದಾಗ ಅವರ ಕೈಯಲ್ಲಿ ಸಾಕಷ್ಟು ಛಡಿ ಏಟು ತಿಂದವರು. “ಯಾರರ ಗೆಲ್ಲಲಿ. ಸರಕಾರದ ಹೆಸರಿಲೆ ಸುಳ್ಳ ಸಾರಬಾರದು. ಸಾರಿದ್ರ ಇಬ್ಬರದೂ ಸಾರಬೇಕು, ಇಲ್ಲಾಂದ್ರ ಒಬ್ಬರದೂ ಬ್ಯಾಡ” ಎಂದರು. ಕಿತ್ತೂರು, ಮುಗುಟಖಾನ ಹುಬ್ಬಳ್ಳಿಯ ಕಡೆಯಿಂದಲೂ ದಂಡಿನ ಗೆಳೆಯರನ್ನು ಕರೆಸಿದರು. ನಮ್ಮ ದನದ ಕೊಟ್ಟಿಗೆಯಲ್ಲಿ ಸಭೆ. ಚಹಾ ಕಾಸಿ ಕಾಸಿ ನನ್ನ ಕಣ್ಣು ಹೊಗೆಗೆ ಕೆಂಪಾದವು. ಹಳ್ಳಿ ಹಳ್ಳಿಗೆ ಹೋಗಿ ಇದು ಸರಕಾರದ ಮಾತಲ್ಲವೆಂದು ತಾವೇ ಹೇಳಬೇಕು, ಜನ ನಂಬಬೇಕಾದರೆ ದಂಡಿನ ಕೋಟು ತೊಟ್ಟೇ ಹೋಗಬೇಕು ಅಂತ ಠರಾವಾಯಿತು.

ಎಡವಿದ್ದು ಅಲ್ಲೇ. ಬೇವಿನೆಲೆ ಕೊಡವಿ ಕೋಟು ತೊಟ್ಟು, ಗುಂಡಿ ತಿಕ್ಕಿ, ಸಾಲು ಹಿಡಿದು ಹೆಜ್ಜೆ ಹಾಕುತ್ತ ಕಿತ್ತೂರ ದಾರಿಯ ಒಂದು ಹಳ್ಳಿಗೆ ಹೋದರು. ದೂರದಿಂದ ಖಾಕಿ ಸಾಲು ಕಂಡದ್ದೇ ತಡ, ಮತ್ತೆ ದಂಡಿಗೆ ಭರ್ತಿ ಮಾಡಿಕೊಳ್ಳಲು ಬಂದರೆಂದು ಊರಿಗೆ ಊರೇ ಎದ್ದು ಜೋಳದ ಹೊಲ ಹೊಕ್ಕಿತು. ತಾಯಂದಿರು ಬೆಳೆದ ಮಕ್ಕಳನ್ನು ಕಾಳು ತುಂಬುವ ಹಗೇವಿನಲ್ಲಿ ಇಳಿಸಿ ಮುಚ್ಚಿದರಂತೆ. ಊರಬಾಗಿಲ ಅಗಸಿಯಲ್ಲಿ ಉಳಿದವಳು ಒಬ್ಬ ಮುದುಕಿ. “ನಮ್ಮ ಮನ್ಯಾಗ ಗಂಡಸರಿಲ್ರಿ. ನನ್ನ ಒಯ್ಯತಿದ್ರ ಒಯ್ರಿ, ಬರತೇನಿ” ಎಂದು ಕೋಲು ಊರಿ ಎದ್ದು ನಿಂತಳಂತೆ.

ಇದನ್ನು ಹೇಳುತ್ತ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚತೊಡಗಿದರು. “ನಮ್ಮನ್ನ ನೋಡಿ ಮಂದಿ ಅಂಜಿದ್ರು ತಂಗಿ” ಎಂದರು. ಕೋಟು ಮತ್ತೆ ಟ್ರಂಕು ಸೇರಿತು.

ಮರುದಿನ ಡಂಗುರದವನು ತಾನಾಗಿಯೇ ಬಂದ. ಅವತ್ತು ಕಾಕಾ ಕೆಳಗಿಳಿಯಲಿಲ್ಲ, ಕಟ್ಟೆಯ ಮೇಲಿಂದಲೇ ಬೈದರು. “ಬಾಯಿ ನಿಂದು, ಮಾತ ಅವಂದು. ನಾಚಿಕಿ ಬರಂಗಿಲ್ಲೇನು?”

“ಮಕ್ಕಳದಾವ್ರಿ ಹವಾಲ್ದಾರ್ರ. ವಾಡೇದವರು ಕಾಳ ಬಂದ್ ಮಾಡಿದ್ರ ಏನ ತಿನಸ್ಲಿ?”

ಕಾಕಾ ಮುಖ ತಿರುಗಿಸಿ ಕುಳಿತರು. ಆಮೇಲೆ ಅವನೇ ಮೆಲ್ಲಗೆ, “ನೀವರ ಕೇಳ್ರಲಾ” ಎಂದ.

“ಏನ ಕೇಳೂದು?”

“ಯಾರ ಮಾತು ಅಂತ. ಕೇಳಿದ್ರ ಹಲಗಿ ಮ್ಯಾಲ ಕೈ ಇಟ್ಟು ನಾವು ಸುಳ್ಳ ಹೇಳಾಂಗಿಲ್ಲ. ನಮ್ಮ ಮುತ್ಯಾನ ಕಾಲದಿಂದ ಹಂಗ ಐತಿ. ಈಗ ಯಾರೂ ಕೇಳೂದ ಬಿಟ್ಟಾರ.”

ಕಾಕಾ ಅವನ ಮುಖ ನೋಡಿದರು. ಕಾಲುನೋವಿನ ನೆಪ ಹೇಳದೆಯೇ ಕೆಳಗಿಳಿದು ಕುಳಿತರು.

ಅಂದು ಸಂಜೆಯಿಂದಲೇ ಓಣಿಗೊಬ್ಬರಂತೆ ದಂಡಿನವರು ನಿಂತರು, ಬರೀ ಧೋತರ, ಅಂಗಿ, ತಲೆಗೆ ರುಮಾಲು. ಡಂಗುರ ಮುಗಿದ ಕೂಡಲೇ ಒಬ್ಬರು ಗಟ್ಟಿಯಾಗಿ “ಯಾರ ಮಾತೋ ಇದು?” ಎಂದು ಕೇಳುವುದು. ಅವನು ಹಲಗೆಯ ಮೇಲೆ ಅಂಗೈ ಊರಿ, “ವಾಡೇದ ಧಣ್ಯಾರ ಮಾತ್ರಿ, ಸರಕಾರದ್ದಲ್ಲ” ಎನ್ನುವುದು. ನಾನು ಬಾಗಿಲ ಸಂದಿಯಿಂದ ಕೇಳುತ್ತಿದ್ದೆ. ಡಂಗುರಕ್ಕಿಂತ ಆ ಉತ್ತರವೇ ದೊಡ್ಡ ದನಿಯಲ್ಲಿ ಬರುತ್ತಿತ್ತು. ತಲೆಯ ಮೇಲಿನ ಹೊರೆ ಇಳಿಸಿದವರ ಹಾಗೆ ಇರುತ್ತಿತ್ತು ಅವನ ಮುಖ.

ಇದು ವಾಡೆಗೆ ಗೊತ್ತಾಗದೆ ಇದ್ದೀತೆ? ಸಂತೆಯ ದಿನ ಅತ್ತೆಯ ಜೊತೆ ನಾನು ಮೆಣಸಿನಕಾಯಿ ಕೊಳ್ಳುತ್ತ ನಿಂತಿದ್ದೆ. ಧಣಿಯ ಕಾರಭಾರಿ ಜನರ ನಡುವೆ ನುಗ್ಗಿ ಬಂದು ಡಂಗುರದವನ ಕೊರಳಿನಿಂದ ಹಲಗೆ ಕಿತ್ತು ನೆಲಕ್ಕೆ ಎಸೆದ. “ನಾಳಿಂದ ನಿನಗ ಹಲಗೀನೂ ಇಲ್ಲ, ಕಾಳೂ ಇಲ್ಲ. ಇದನ್ನ ಎತ್ತಾವ ಯಾವನದಾನ, ನಾನೂ ನೋಡತೇನಿ” ಎಂದ. ಅವನಿಗೆ ಗೊತ್ತಿತ್ತು. ಕೇರಿಯವರು ವಾಡೆಗೆ ಹೆದರಿ ಮುಟ್ಟುವುದಿಲ್ಲ, ಉಳಿದವರು ಚರ್ಮಕ್ಕೆ ಹೇಸಿ ಮುಟ್ಟುವುದಿಲ್ಲ. ಡಂಗುರದವನು ಅಲ್ಲೇ ಕುಸಿದು ಕುಳಿತ. ತುತ್ತು ಅನ್ನ, ಮನೆತನದ ಮಾನ, ಎರಡೂ ಆ ಧೂಳಿನಲ್ಲಿ ಬಿದ್ದಿದ್ದವು.

ಕಾಕಾ ಕಾಲೆಳೆಯುತ್ತ ಮುಂದೆ ಬಂದರು. ಕಾಕಾನ ಮನೆಗೆ ಹತ್ತಿದ ಮನೆಯಲ್ಲೇ ಇದ್ದ ಅವರ ಅಣ್ಣ ಸಂತೆಗೆ ಬಂದಿದ್ದರು. “ತಮ್ಮಾ, ಅದನ್ನ ಮುಟ್ಟಿದ್ರ ನಮ್ಮ ಹೊಸ್ತಿಲಾ ತುಳಿಬ್ಯಾಡ” ಎಂದರು. ಕಾಕಾ ಒಂದು ಕ್ಷಣ ನಿಂತದ್ದು ನಿಜ. ನಾನು ನೋಡಿದ್ದೇನೆ. ಆಮೇಲೆ ಬಾಗಿ ಹಲಗೆ ಎತ್ತಿ, ಧೂಳು ಒರೆಸಿ, ತಮ್ಮ ಕೊರಳಿಗೆ ಹಾಕಿಕೊಂಡರು. ಅತ್ತೆ “ಶಿವನೇ” ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಬಾರಿಸಿದರು ನೋಡಿ, ಅಷ್ಟು ಕೆಟ್ಟದಾಗಿ ಹಲಗೆ ಬಾರಿಸಿದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ನೆಲದ ಮೇಲೆ ಕುಳಿತಿದ್ದ ಡಂಗುರದವನು ಆ ದುಃಖದಲ್ಲೂ ತಡೆಯಲಾರದೆ, “ಬಲಗೈ ಸಡ್ಲ ಬಿಡ್ರಿ ಹವಾಲ್ದಾರ್ರ, ಅದೇನ ನಿಮ್ಮ ಎಮ್ಮಿ ಅಲ್ಲ” ಎಂದ. ಕಾಕಾ ಕೈ ಸಡಿಲಿಸಿದರು. “ಕೇಳ್ರಿ. ಇದು ಸರಕಾರದ ಮಾತಲ್ಲ, ವಾಡೇದ ಮಾತಲ್ಲ, ನನ್ನ ಮಾತು. ಧಣ್ಯಾರೂ ಬರ್ಲಿ, ಮಾಸ್ತರೂ ಬರ್ಲಿ. ಸಂಜೀಕ ಚಾವಡಿ ಮುಂದ ನಿಂತು ತಂತಮ್ಮ ಬಾಯಿಲೆ ಹೇಳ್ಲಿ” ಎಂದು ಸಾರಿದರು. ನನಗೆ ಅಳು ಬಂತು. ಮೆಣಸಿನಕಾಯಿಯ ಘಾಟು ಎಂದು ಅತ್ತೆಗೆ ಹೇಳಿದೆ.

ಸಂಜೆ ಧಣಿ ಬರಲಿಲ್ಲ. ಮಾಸ್ತರರು ಬಂದು ಯಾರಿಗೂ ಅರ್ಥವಾಗದ ಹಾಗೆ ಉದ್ದಕ್ಕೆ ಮಾತಾಡಿದರು, ಹಲಗೆ ಬಾರಿಸಿ ಕರೆಸಿದ ಕಾಕಾನೇ ನಡುವೆ ತೂಕಡಿಸಿದರಂತೆ. ಎಲೆಕ್ಷನ್ ಧಣಿಯೇ ಗೆದ್ದ. ಆದರೆ ಅಲ್ಲಿಂದ ಮುಂದೆ ಊರಲ್ಲಿ ಹಲಗೆ ಸದ್ದಾದರೆ ಹೆಂಗಸರೂ ಬಾಗಿಲಿಗೆ ಬಂದು “ಯಾರ ಮಾತು?” ಎಂದು ಕೇಳತೊಡಗಿದರು. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪದ್ದರಿಂದ ಡಂಗುರ ತಿರುಗಿ ಹಳಬನಿಗೇ ಬಂತು. ವಾಡೆಯ ಕಾಳು ಬರಲಿಲ್ಲ, ದಂಡಿನವರು ತಮ್ಮ ತಮ್ಮ ರಾಶಿಯಲ್ಲಿ ಅವನ ಮನೆಗೆ ಪಾಲು ತೆಗೆದಿಟ್ಟರು.

ಬೆಲೆ ತೆತ್ತವರು ಕಾಕಾ. ಅಣ್ಣ ತಮ್ಮ ಮನೆಗೂ ಕಾಕಾನ ಮನೆಗೂ ನಡುವಿದ್ದ ಬಾಗಿಲಿಗೆ ಕಲ್ಲು ಕಟ್ಟಿಸಿದರು. ಮದುವೆ, ಮುಂಜಿ, ಸತ್ತವರ ಮಣ್ಣು, ಯಾವುದಕ್ಕೂ ಕರೆ ಇಲ್ಲ. “ಮದಿವಿ ಊಟ ಉಂಡ್ರ ನನಗ ಹೊಟ್ಟಿ ಉಬ್ಬತಿತ್ತು, ಛಲೋ ಆತು” ಎಂದು ನಗುತ್ತಿದ್ದರು. ಓಣಿಯಲ್ಲಿ ಮದುವೆಯ ವಾಲಗ ಕೇಳಿದ ದಿನ ಮಾತ್ರ ಕಟ್ಟೆಗೆ ಬರುತ್ತಿರಲಿಲ್ಲ. ನಮ್ಮ ಅತ್ತೆ ಚಹಾ ಕೊಡಬೇಡ ಅನ್ನಲಿಲ್ಲ, ಬಟ್ಟಲು ಬೇರೆ ಇಡಿಸಿದರು. ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಕೆಲವು ವರ್ಷಗಳ ಮೇಲೆ ಕಾಕಾ ಜ್ವರದಿಂದ ಮಲಗಿದರು. ನಾನು ಗಂಜಿ ಒಯ್ದಾಗ ಡಂಗುರದವನು ಹೊಸ್ತಿಲು ದಾಟಿ ಒಳಗೆ, ತಲೆದಿಂಬಿನ ಹತ್ತಿರವೇ ಕುಳಿತಿದ್ದ. ಅಣ್ಣ ಅಂಗಳದಲ್ಲಿ ನಿಂತಿದ್ದರು. ಕಾಕಾ ನೀರು ಕೇಳಿದರು. ಡಂಗುರದವನು ತನ್ನ ತಂಬಿಗೆಗೆ ಕೈ ಹಾಕಿದವನು ಅಂಗಳದ ಕಡೆ ನೋಡಿ ತಡೆದ. “ಬಸ್ರಾದಾಗ ಯಾರನರ ಕೇಳಿ ಕುಡಿಸಿದ್ದೇನು? ಹಾಕೋ” ಎಂದರು ಕಾಕಾ. ಅವನು ಕುಡಿಸಿದ, ಅವರು ಕಣ್ಣು ಮುಚ್ಚಿ ಕುಡಿದರು. ಅಣ್ಣ ಒಳಗೆ ಬರಲಿಲ್ಲ. ಆ ಜ್ವರದಿಂದ ಕಾಕಾ ಏಳಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರು ದಂಡಿನವರೇ, ಮುಂದಿನ ಹೆಗಲು ಡಂಗುರದವನದು…

ಈಗ ನನಗೂ ಓಟು ಬಂದಿದೆ. ಮನೆಯಲ್ಲಿ ರೇಡಿಯೋ ಇದೆ, ಓಣಿಯಲ್ಲಿ ಮೈಕು ಕಟ್ಟಿದ ಜೀಪುಗಳು ಒದರುತ್ತವೆ. ಈ ಸಲ ಓಟು ಹಾಕಿ ಬಂದು ಕೈಕಾಲು ತೊಳೆದು ಕುಳಿತೆ. ಮಗ ಕೇಳಲಿಲ್ಲ, ಸೊಸೆ ಕೇಳಲಿಲ್ಲ. ಕಾಕಾ ಇದ್ದಿದ್ದರೆ ಕಟ್ಟೆಯಿಂದಲೇ ತಡೆದು, ಯಾಕೆ ಹಾಕಿದೆ, ಯಾರ ಮಾತು ಕೇಳಿ ಹಾಕಿದೆ ಎಂದು ಜಗಳ ತೆಗೆಯುತ್ತಿದ್ದರು. ಕೊಡಲು ನನ್ನ ಹತ್ತಿರ ಉತ್ತರ ಇತ್ತು. ಕೇಳುವವರು ಇರಲಿಲ್ಲ.