ನೀಲಿ ಪರದೆಯ ಮುಂದೆ ಕೆಂಪಣ್ಣ

ಕೆಂಪಣ್ಣನ ಕೊರಳಿಗೆ ಏನೂ ಆಗಿರಲಿಲ್ಲ. ಆದರೂ ವರ್ಷದಿಂದ ಅವನು ಕೊರಳಿಗೆ ದಪ್ಪನೆಯ ಪಟ್ಟಿ ಬಿಗಿದುಕೊಂಡೇ ಆಫೀಸಿಗೆ ಹೋಗುತ್ತಿದ್ದ. ದಿಲ್ಲಿಯ ಸರ್ಕಾರಿ ಕಚೇರಿಗಳಲ್ಲಿ ವಯಸ್ಸು ಸ್ವಲ್ಪ ಏರಿದ ಗುಮಾಸ್ತರಲ್ಲಿ ಅರ್ಧ ಮಂದಿಗೆ 'ಸರ್ವೈಕಲ್' ಎಂಬ ಕತ್ತುನೋವು ಇದ್ದೇ ಇರುತ್ತದೆ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಒಬ್ಬಿಬ್ಬರು ಒಳ್ಳೆಯ ಮಾಲೀಸಿನವನ ವಿಳಾಸ ಕೊಟ್ಟರು, ಅಷ್ಟೆ.

ಕೆಟ್ಟಿದ್ದದ್ದು ಕಣ್ಣು. ನೇರವಾಗಿ ನೋಡಿದರೆ ನಡುಮಧ್ಯಕ್ಕೆ ಯಾರೋ ಬಾಣಲೆಯ ಮಸಿ ಮೆತ್ತಿದ ಹಾಗೆ. ಎದುರು ನಿಂತವನ ಕಿವಿ ಕಾಣುತ್ತಿತ್ತು, ಹೆಗಲು ಕಾಣುತ್ತಿತ್ತು, ಮುಖವೇ ಇರುತ್ತಿರಲಿಲ್ಲ. ಕೋಳಿ ಕಾಳು ನೋಡುವಂತೆ ತಲೆ ಓರೆ ಮಾಡಿ ಕಣ್ಣಂಚಿನಿಂದ ಹೆಕ್ಕಿದರೆ ಮಾತ್ರ ಅಕ್ಷರ ಸಿಗುತ್ತಿತ್ತು. ಆ ಓರೆ ಕತ್ತಿಗೊಂದು ನೆಪ ಬೇಕಿತ್ತು. ಪಟ್ಟಿ ಆ ನೆಪ.

ದೊಡ್ಡಾಸ್ಪತ್ರೆಯ ಡಾಕ್ಟರು ಮುಚ್ಚುಮರೆ ಮಾಡಿರಲಿಲ್ಲ. "ಕಣ್ಣಿನ ಹಿಂದುಗಡೆ ರಕ್ತ ಒಸರುತ್ತಿದೆ. ನೋಟ ನಿಧಾನವಾಗಿ ಹೋಗಬಹುದು, ಒಂದು ಬೆಳಗ್ಗೆ ಎದ್ದಾಗ ಪೂರ್ತಿ ಹೋಗಿರಲೂಬಹುದು. ಕತ್ತಲೆ ಕವಿಯುತ್ತದೆ ಅಂದುಕೊಳ್ಳಬೇಡಿ. ಬೆಳಕು, ಬಣ್ಣ ಉಳಿಯುತ್ತವೆ. ಅಕ್ಷರ ಹೋಗುತ್ತದೆ."

ಈ ಮಾತು ಗೊತ್ತಿದ್ದದ್ದು ಹೆಂಡತಿ ಶಾರದಾಗೆ ಮಾತ್ರ. ಗುರ್‌ಗಾಂವಿನಲ್ಲಿ ಕೆಲಸ ಮಾಡುತ್ತಿದ್ದ ಮಗಳು ಧಾರಿಣಿಗೂ ಹೇಳಕೂಡದೆಂದು ಅವನು ಹೆಂಡತಿಯಿಂದ ಭಾಷೆ ತೆಗೆದುಕೊಂಡಿದ್ದ.

ಮದ್ದೂರಿನ ಕಡೆಯ ಆಳು ಅವನು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು, ಸೋದರಮಾವನ ಬಾಲ ಹಿಡಿದು ದಿಲ್ಲಿಗೆ ಬಂದು, ಒಂದು ಇಲಾಖೆಯಲ್ಲಿ ದಫ್ತರಿಯಾಗಿ ಸೇರಿದವನು. ಫೈಲಿಗೆ ತೂತು ಹೊಡೆದು ದಾರ ಪೋಣಿಸುವುದು ಅವನ ಕೆಲಸ. ಪೋಣಿಸುತ್ತ ಪೋಣಿಸುತ್ತ ಒಳಗಿದ್ದುದನ್ನು ಓದಿದ. ಯಾರ ಇಂಗ್ಲಿಷು ಗಟ್ಟಿಕಾಳು, ಯಾರದು ಬರೀ ಹೊಟ್ಟು ಎಂಬುದು ಅವನಿಗೆ ದಾರದ ತುದಿಯಲ್ಲೇ ತಿಳಿಯತೊಡಗಿತು. ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ, ಮೆಟ್ಟಿಲು ಹತ್ತಿ, ಸೆಕ್ಷನ್ ಆಫೀಸರನಾದ. ಸಂಸತ್ತಿನ ಪ್ರಶ್ನೆಗೆ ಉತ್ತರ ಬರೆಯಬೇಕೆಂದರೆ "ಕೆಂಪಣ್ಣಾ ಜೀ ಕೋ ದೋ" ಎನ್ನುತ್ತಿದ್ದರು. ಅಣ್ಣನೂ ಆಗಿ, ಮೇಲೊಂದು ಜೀಯನ್ನೂ ಹೊತ್ತು, ಅವನು ಆ ಮಹಡಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದ.

ಕಣ್ಣು ಹೋದರೆ ಕೆಲಸ ಹೋಗುತ್ತದೆಂಬ ಭಯ ಅವನಿಗಿರಲಿಲ್ಲ. ಸೇವೆಯಲ್ಲಿರುವಾಗ ಅಂಗ ಊನವಾದವನನ್ನು ತೆಗೆಯುವಂತಿಲ್ಲ ಎಂಬ ಕಾನೂನು ಅವನಿಗೆ ಬಾಯಿಪಾಠ. ಪಾರ್ಶ್ವವಾಯು ಬಡಿದ ಸಹೋದ್ಯೋಗಿ ಜಗನ್ನಾಥನ ವಿಷಯದಲ್ಲಿ ಆ ಕಾನೂನನ್ನು ಎತ್ತಿ ಟಿಪ್ಪಣಿ ಬರೆದವನೇ ಕೆಂಪಣ್ಣ. ಜಗನ್ನಾಥನಿಗೆ ಪೂರ್ತಿ ಸಂಬಳ ಬಂತು, ಕುರ್ಚಿಯೂ ಸಿಕ್ಕಿತು. ಫೈಲು ಮಾತ್ರ ಮತ್ತೆ ಒಂದೂ ಬರಲಿಲ್ಲ. ಬೆಳಗಿಂದ ಸಂಜೆಯವರೆಗೆ ಹಾದುಹೋಗುವವರಿಗೆಲ್ಲ ನಮಸ್ಕಾರ ಹೊಡೆಯುತ್ತ ಕೂತು, ನಿವೃತ್ತಿಗೆ ಮುಂಚೆಯೇ ಮಂಕಾಗಿ ಹೋದ. ಕೆಂಪಣ್ಣನ ಎದೆಗೆ ಒನಕೆಯಂತೆ ಕುಟ್ಟುತ್ತಿದ್ದದ್ದು ಅದು. ಕರಡು ಬರೆಯುವ ಆ ಡ್ರಾಫ್ಟಿನ ಕೆಲಸ ಅವನ ಕೈ ತಪ್ಪಬಾರದು. ನಿವೃತ್ತಿಗೆ ಮಿಕ್ಕ ಎರಡು ವರ್ಷ ಹೇಗಾದರೂ ಓದಿ, ಬರೆದು, ಎದ್ದು ಬರಬೇಕು.

ಅವನನ್ನು ಅಲ್ಲಿಯತನಕ ಕಾಪಾಡಿದ್ದು ಒಂದು ಹಳೆಯ ಮಾನಿಟರು. ಹಿಂಭಾಗ ಬಸುರಿಯ ಹೊಟ್ಟೆಯಷ್ಟಿದ್ದ, ಇಬ್ಬರು ಹಿಡಿದು ಎತ್ತಬೇಕಾದ ಡಬ್ಬ. ಹಿಂದೊಮ್ಮೆ ನಕ್ಷೆಗಳ ಕೆಲಸಕ್ಕೆಂದು ತರಿಸಿದ್ದು. ಅದರ ಅಗಲವಾದ ಗಾಜಿನ ಮೇಲೆ ಅಕ್ಷರಗಳನ್ನು ಅವರೆಕಾಳಿನಷ್ಟು ದಪ್ಪ ಮಾಡಿ, ಓರೆಯಾಗಿ ಕೂತು, ಸಾಲು ಸಾಲೇ ಓದುತ್ತಿದ್ದ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಹಳೆಯ ಕಂಪ್ಯೂಟರುಗಳನ್ನೆಲ್ಲ ಹೊರಹಾಕಿ ಸೆಕ್ಷನ್ನಿಗೆ ಲ್ಯಾಪ್‌ಟಾಪು ಕೊಟ್ಟರು. ತೆಳ್ಳಗೆ, ರೊಟ್ಟಿ ಹೆಂಚಿನ ಹಾಗೆ. ಅದರಲ್ಲಿ ಅಕ್ಷರ ದಪ್ಪ ಮಾಡಿದರೆ ಸಾಲಿಗೆ ಮೂರು ಪದ ಹಿಡಿಯುತ್ತಿತ್ತು. ಓರೆ ನೋಟಕ್ಕೆ ಆ ಮೂರೂ ಜಾರಿ ಹೋಗುತ್ತಿದ್ದವು. ಹಳೆಯ ಮಾಲೆಲ್ಲ ಬಳಕೆಗೆ ಬಾರದ್ದೆಂದು ಕಂಡೆಮ್ ಆಗಿ ಮೆಟ್ಟಿಲ ಕೆಳಗೆ ರಾಶಿ ಬಿತ್ತು. ಸ್ಟೋರು ನೋಡಿಕೊಳ್ಳುತ್ತಿದ್ದ ಸುದರ್ಶನ್ ಮಂಗಳೂರಿನವನು. ಕೆಂಪಣ್ಣ ಅವನ ಬೆನ್ನು ಹತ್ತಿದ.

"ಕೆಂಪಣ್ಣೋರೇ, ಈ ಗುಂಡುಕಲ್ಲಿನ ಮೇಲೆ ಎಂಥ ಮೋಹ ಮಾರಾಯ್ರೆ ನಿಮ್ಗೆ? ದೋಸೆಗೆ ರುಬ್ಲಿಕ್ಕುಂಟಾ?"

"ನಿನ್ನ ಮೆಟ್ಲು ಕೆಳಗೆ ಇಲಿ ಮರಿ ಹಾಕೋದಕ್ಕಿಂತ ನನ್ನ ಮೇಜಿನ ಮೇಲಿರ್ಲಿ ಬಿಡಯ್ಯಾ."

"ಕಂಡೆಮ್ ಆದ ಮಾಲು ಇದು. ಆಡಿಟ್‌ನವ್ರು ಕೇಳಿದ್ರೆ?"

"ಕಂಡೆಮ್ ಆದ ಮನುಷ್ಯರೇ ಎಷ್ಟೋ ಜನ ಕೂತಿಲ್ವೇನೋ ಈ ಬಿಲ್ಡಿಂಗಲ್ಲಿ? ಇದೂ ಒಂದು ಕೂತ್ಕೊಳ್ಳಿ."

ಸುದರ್ಶನ್ ನಕ್ಕು ಡಬ್ಬವನ್ನು ಹೊರಿಸಿಕೊಟ್ಟ. ಆದರೆ ಲ್ಯಾಪ್‌ಟಾಪಿಗಿದ್ದದ್ದು ಒಂದೇ ಒಂದು ಚಪ್ಪಟೆ ಬಾಯಿ. ಮಾನಿಟರಿನ ಕೇಬಲ್ಲಿಗೆ ಸೂಜಿಯಂಥ ಹಲ್ಲುಗಳ ನೀಲಿ ತಲೆ. ಒಂದಕ್ಕೊಂದು ಕೂಡುವ ಜಾತಿಯಲ್ಲ.

ರಾತ್ರಿ ಊಟದ ಹೊತ್ತಿಗೆ ಮಯೂರ್ ವಿಹಾರದ ಮನೆಯಲ್ಲಿ ಧಾರಿಣಿಯನ್ನು ಕೇಳಿದ.

"ಅಡಾಪ್ಟರ್ ಮಿಲ್ ಜಾಯೇಗಾ ಅಪ್ಪಾ. ಆದ್ರೆ ಆ ಹಳೇ ಖಟಾರಾ ಯಾಕೆ ನಿಂಗೆ? ನಾನು ಹೊಸಾ ಫ್ಲ್ಯಾಟ್ ಸ್ಕ್ರೀನ್ ಕೊಡಿಸ್ತೀನಲ್ಲ."

"ಮನೆ ಸಾಮಾನು ಆಫೀಸಿಗೆ ತಗೊಂಡು ಹೋದ್ರೆ ಗೇಟಲ್ಲಿ ಕಾರಣ ಬರೆದುಕೊಡು ಅಂತಾರಮ್ಮ."

"ತೋ ಲಿಖ್ ದೋ ನಾ! ಕತ್ತು ನೋವು ಅಂತ."

ಶಾರದಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. ಕೆಂಪಣ್ಣ ಮಾತು ತಿರುಗಿಸಿದ. "ಅದಿರ್ಲಿ. ಜೋಡಿಸಿದ ಮೇಲೆ ಏನಾದ್ರೂ ಮಾಡ್ಬೇಕಾ?"

"ಏನೂ ಇಲ್ಲ. ಇಧರ್ ಜೋ ಹೈ, ವಹೀ ಉಧರ್. ಇಲ್ಲಿರೋದೇ ಅಲ್ಲೂ ಕಾಣ್ಸತ್ತೆ. ಬಸ್."

ಕಂಪ್ಯೂಟರ್ ಸಾಮಾನಿನ ಸಂತೆಯಂಥ ನೆಹರೂ ಪ್ಲೇಸಿನ ಫುಟ್‌ಪಾತಿನಲ್ಲಿ ಮಾರುತ್ತಿದ್ದವನೊಬ್ಬ ಎರಡು ಅಡಾಪ್ಟರುಗಳನ್ನು ಒಂದಕ್ಕೊಂದು ಪೋಣಿಸಿಕೊಡಲು ನೋಡಿದ. ಒಂದರ ನಾಲ್ಕು ಹಲ್ಲುಗಳು ಇನ್ನೊಂದರ ಬಾಯಿಗೆ ಹೆಚ್ಚಾಗಿದ್ದವು, ಒಳಗೆ ಹೋಗಲೊಲ್ಲವು. ಅವನು ಇಕ್ಕಳದಿಂದ ಆ ನಾಲ್ಕನ್ನೂ ಲಟಕ್ಕೆಂದು ಮುರಿದು, ತುರುಕಿ, "ಅಬ್ ಜಾಯೇಗಾ, ಅಂಕಲ್!" ಎಂದ. ಒಳಗೇನೋ ಹೋಯಿತು. ಆಫೀಸಿನಲ್ಲಿ ಜೋಡಿಸಿದರೆ ಗಾಜು ಹೆಂಚಿನ ತಳದಂತೆ ಕಪ್ಪಗೆ ಕೂತಿತು.

ಮತ್ತೆ ಹೋದ, ಈ ಸಲ ಒಳಗಣ ಅಂಗಡಿಗೆ. ಅಂಗಡಿಯವನು ಮುರಿದ ಹಲ್ಲನ್ನು ನೋಡಿ ತಲೆ ಚಚ್ಚಿಕೊಂಡ. ಲ್ಯಾಪ್‌ಟಾಪು ಆಡುವುದು ಒಂದು ಭಾಷೆ, ಈ ಡಬ್ಬಕ್ಕೆ ತಿಳಿಯುವುದು ಇನ್ನೊಂದು. ಬಾಯಿಗೆ ಬಾಯಿ ಇಟ್ಟ ಮಾತ್ರಕ್ಕೆ ಮಾತಾಗದು, ನಡುವೆ ದುಭಾಷಿ ಬೇಕು ಎಂದು ವಿವರಿಸಿ, ಬೆಂಕಿಪೊಟ್ಟಣದಂಥ ಪೆಟ್ಟಿಗೆಯೊಂದನ್ನು ಕೊಟ್ಟ. ಅದಕ್ಕೆ ಬೇರೆಯೇ ಕರೆಂಟಿನ ತಂತಿ ಇತ್ತು.

ಸೋಮವಾರ ಕೆಂಪಣ್ಣ ಎಲ್ಲರಿಗಿಂತ ಮುಂಚೆ ಆಫೀಸಿಗೆ ಬಂದ. ಅಂದು ಸಂಸತ್ತಿನ ಪ್ರಶ್ನೆಯೊಂದಕ್ಕೆ ಉತ್ತರ ಹೋಗಬೇಕಿತ್ತು. ಶುಕ್ರವಾರವೇ ಅದನ್ನು ಅವನು ಮನಸ್ಸಿನಲ್ಲಿ ಕಟ್ಟಿ, ಬೆರಳಿಗೆ ಅಭ್ಯಾಸವಿದ್ದ ಕೀಲಿಗಳ ಮೇಲೆ ಕುಟ್ಟಿಟ್ಟಿದ್ದ. ಲ್ಯಾಪ್‌ಟಾಪನ್ನು ಮೇಜಿನ ಮೂಲೆಯಲ್ಲಿ ತೆರೆದು, ಗಾಜನ್ನು ನೋಡದೆ, ಲೆಕ್ಕವಿಟ್ಟುಕೊಂಡಿದ್ದ ಕೀಲಿಗಳನ್ನೇ ಒತ್ತಿ, ಆ ಡ್ರಾಫ್ಟನ್ನು ತೆರೆದ. ಆಮೇಲೆ ಪೆಟ್ಟಿಗೆ, ಅದರ ತಂತಿ, ನೀಲಿ ತಲೆಯ ಕೇಬಲ್ಲು, ಒಂದೊಂದನ್ನೂ ಬೆರಳಿನಿಂದ ತಡವಿ ತಡವಿ ಸೇರಿಸಿದ.

ಮಾನಿಟರು ಟಣ್ಣೆಂದಿತು. ಬೆಳಕು ಬಂತು. ಅಗಲವಾದ, ತುಂಬಿದ ಕೆರೆಯಂಥ ನೀಲಿ.

ಕೆಂಪಣ್ಣ ಕತ್ತು ಓರೆ ಮಾಡಿ ಅಕ್ಷರ ಹುಡುಕಿದ. ನೀಲಿ. ಇನ್ನೊಂದು ಮಗ್ಗುಲಿಗೆ ವಾಲಿದ. ನೀಲಿಯೇ. ಎದ್ದು ಕನ್ನಡಕ ಒರೆಸಿ, ಹತ್ತಿರದಿಂದ, ದೂರದಿಂದ, ಕಣ್ಣಿನ ಮೇಲಂಚಿನಿಂದ, ಕೆಳಗಂಚಿನಿಂದ ನೋಡಿದ. ಬೆಳಕಿತ್ತು, ಬಣ್ಣವಿತ್ತು. ಅಕ್ಷರ ಇರಲಿಲ್ಲ.

ಡಾಕ್ಟರು ಹೇಳಿದ ಬೆಳಗ್ಗೆ ಇದೇ ಎಂದು ಅವನಿಗೆ ಅನ್ನಿಸಿತು. ಹೌದೋ ಅಲ್ಲವೋ ಎಂದು ತೂಗಿ ನೋಡಲು ಬೇರೆ ತಕ್ಕಡಿ ಇರಲಿಲ್ಲ. ಪತ್ರಿಕೆ ಓದುವುದು ಎಂದೋ ನಿಂತಿತ್ತು. ಲ್ಯಾಪ್‌ಟಾಪಿನ ಅಕ್ಷರ ಮೊದಲಿನಿಂದಲೂ ಕಣ್ಣಿಗೆ ಸಿಕ್ಕಿರಲಿಲ್ಲ. ಮುಖಗಳು ಎಂದೋ ಅಳಿಸಿಹೋಗಿದ್ದವು. ಅವನು ಓದುತ್ತಿದ್ದದ್ದು ಈ ಗಾಜಿನ ಮೇಲೆ ಮಾತ್ರ, ಇದೀಗ ಈ ಗಾಜಿನ ಮೇಲೂ ಇಲ್ಲ. ಯಾರನ್ನಾದರೂ ಕರೆದು 'ಇಲ್ಲಿ ಏನಾದರೂ ಕಾಣುತ್ತದೆಯೇ' ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಹಾಗೆ ಕೇಳುವುದೆಂದರೆ ತಾನೇ ಡಂಗುರ ಹೊಡೆದಂತೆ. ಕೇಳಲಿಲ್ಲ. ಕೊರಳಪಟ್ಟಿಯನ್ನು ಇನ್ನಷ್ಟು ಬಿಗಿದು, ನೀಲಿಯ ಮುಂದೆ ಕೂತು, ಕೀಲಿಗಳ ಮೇಲೆ ಬೆರಳಿಟ್ಟುಕೊಂಡ.

ಸೆಕ್ಷನ್ನಿನವರು ಬಂದರು, ಚಹಾ ಬಂತು. ಆಮೇಲೆ ಭಲ್ಲಾ ಸಾಹೇಬರೇ ಬಂದರು. ಡೆಪ್ಯುಟಿ ಸೆಕ್ರೆಟರಿ, ಮನುಷ್ಯ ಕೆಟ್ಟವರಲ್ಲ, ಅವಸರದವರು. ಮೇಜಿನ ಆಚೆ, ಮಾನಿಟರಿನ ಬೆನ್ನ ಕಡೆ ನಿಂತು ಕೇಳಿದರು. "ಕೆಂಪಣ್ಣಾ ಜೀ, ಜವಾಬ್ ತಯಾರ್? ಜರಾ ತೀಸ್ರಾ ಪ್ಯಾರಾ ಸುನಾಯಿಯೇ."

ಕೆಂಪಣ್ಣ ಕತ್ತು ಓರೆ ಮಾಡಿ ನೀಲಿಯನ್ನು ನೋಡುತ್ತ ಓದಿದ. ತಾನೇ ಕಟ್ಟಿದ ವಾಕ್ಯಗಳು. ಒಂದು ಅಲ್ಪವಿರಾಮವೂ ತಪ್ಪಲಿಲ್ಲ. ಸಾಲಿನ ಕೊನೆಗೆ ಬಂದಾಗ ಮುಖವನ್ನು ಎಡಕ್ಕೆ ತಂದು ಮುಂದಿನ ಸಾಲು ಹಿಡಿದಂತೆ ನಟಿಸಿದ. ಭಲ್ಲಾ ಮೆಚ್ಚಿ ಹೂಂಗುಟ್ಟುತ್ತ, ಒಂದು ಪದ ಬದಲಿಸಬೇಕೆನಿಸಿ, ತೋರಿಸಲೆಂದು ಈಚೆ ಬಂದರು. ಬಂದವರು ಬಾಗಿ ಗಾಜನ್ನು ನೋಡಿದರು. ಕೆಂಪಣ್ಣ ಓದುತ್ತಲೇ ಇದ್ದ.

"ಕೆಂಪಣ್ಣಾ ಜೀ, ಆಪ್ ಕ್ಯಾ ಪಢ್ ರಹೇ ಹೈ?"

"ತೀಸ್ರಾ ಪ್ಯಾರಾ, ಸರ್."

"ಇಸ್ ಪರ್ ತೋ ಕುಛ್ ಹೈ ಹೀ ನಹೀ. ಖಾಲಿ ಹೈ."

"ಖಾಲೀನಾ?" ಎಂದ ಕೆಂಪಣ್ಣ, ಕನ್ನಡದಲ್ಲೇ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಸಾಹೇಬರ ತೋಳನ್ನೇ ಹಿಡಿದುಕೊಂಡ. "ಸಚ್ಚೀ, ಸರ್? ನಿಮಗೂ ಏನೂ ಕಾಣ್ತಿಲ್ವಾ? ಕುಛ್ ನಹೀ?" ಅವನ ಮುಖ ಹಬ್ಬದ ದಿನದ ಕೂಸಿನಂತೆ ಅರಳಿತ್ತು. ಕಣ್ಣು ಹೋಗಿಲ್ಲ. ಇದ್ದಷ್ಟೂ ಇದೆ. ಖಾಲಿಯಾಗಿರುವುದು ಗಾಜು.

ಆಮೇಲೆ ಸೆಕ್ಷನ್ನಿನವರ ಕುರ್ಚಿಗಳು ತನ್ನತ್ತ ತಿರುಗಿದ ಸದ್ದು ಕಿವಿಗೆ ಬಿತ್ತು. ತಾನು ಯಾರ ತೋಳು ಹಿಡಿದಿದ್ದೇನೆ, ಏನು ಕೇಳಿಬಿಟ್ಟೆ ಎಂಬುದು ಅವನ ತಲೆಗೆ ಆಗ ಹೊಕ್ಕಿತು. ಕೈ ಬಿಟ್ಟ.

ಯಾರೋ ಸುದರ್ಶನನನ್ನು ಕೂಗಿದರು. ಅವನು ಬಂದು ಲ್ಯಾಪ್‌ಟಾಪಿನ ಮೇಲೆ ಎರಡು ಕೀಲಿ ಒತ್ತಿದ. ಈ ಯಂತ್ರ ತಾನಾಗಿ ದೊಡ್ಡ ಗಾಜನ್ನು ಇನ್ನೊಂದು ಖಾಲಿ ಮೇಜಿನಂತೆ ಪಕ್ಕಕ್ಕೆ ಸೇರಿಸಿಕೊಂಡಿತ್ತು, ಡ್ರಾಫ್ಟು ಚಿಕ್ಕದರಲ್ಲೇ ಉಳಿದಿತ್ತು ಎಂದು ಹೇಳಿದ. ಅವರೆಕಾಳಿನಂಥ ಅಕ್ಷರಗಳು ಗಾಜಿನ ತುಂಬ ಚೆಲ್ಲಿಕೊಂಡವು. ಮೂರನೆಯ ಪ್ಯಾರಾ, ಅವನು ಹೇಳಿದಂತೆಯೇ ಇತ್ತು. ಅದನ್ನು ಈಗ ಯಾರೂ ನೋಡುತ್ತಿರಲಿಲ್ಲ.

"ನನ್ನತ್ರ ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ರೆ," ಎಂದ ಸುದರ್ಶನ್ ಮೆಲ್ಲಗೆ.

ವೈದ್ಯರ ಮಂಡಳಿ ಅವನ ಕಣ್ಣು ನೋಡಿತು. ಕಾನೂನು ಪ್ರಕಾರ ಹುದ್ದೆ, ಸಂಬಳ ಎಲ್ಲ ಹಾಗೇ ಉಳಿಯಿತು. ಮಾನಿಟರನ್ನೂ ಅವನ ಹೆಸರಿಗೆ ಬರೆದುಕೊಟ್ಟರು. ಫೈಲುಗಳು ಮಾತ್ರ ಪಕ್ಕದ ಮೇಜಿಗೆ ಹರಿಯತೊಡಗಿದವು. "ಆರಾಮ್ ಕೀಜಿಯೇ, ಬಹುತ್ ಕಾಮ್ ಕರ್ ಲಿಯಾ," ಎಂದರು ಭಲ್ಲಾ. ಮನೆಯಲ್ಲಿ ಶಾರದಾ "ರೀ, ಇವತ್ತೇನು ಬರೆದ್ರಿ?" ಎಂದು ಕೇಳುವುದನ್ನು ತಾನಾಗಿ ಬಿಟ್ಟಳು.

ಚಳಿ ಬಿದ್ದ ಮೇಲೆ ಒಂದು ದಿನ ಕೆಂಪಣ್ಣ ಸಾಹೇಬರ ಕೋಣೆಗೆ ಹೋಗಿ, ಮುಖವಿರಬೇಕಾದ ಕಡೆಗೆ ತಿರುಗಿ ನಿಂತು, ಏನಾದರೂ ಕೆಲಸ ಕೊಡಿ ಎಂದು ಬೇಡಿದ. ಅವರು ನೋಡೋಣ ಎಂದರು. ಸಂಜೆಯೊಳಗೆ ಒಂದು ಡ್ರಾಫ್ಟನ್ನು ಅವನ ಲ್ಯಾಪ್‌ಟಾಪಿಗೆ ಕಳಿಸಿ, "ಇದನ್ನು ತಿದ್ದಬೇಕು, ಅರ್ಜೆಂಟು" ಎಂದು ಹೇಳಿಕಳಿಸಿದರು.

ಮಾರನೆಯ ದಿನವೆಲ್ಲ ಅವನು ಊಟಕ್ಕೂ ಏಳಲಿಲ್ಲ. ಸಡಿಲಾದ ವಾಕ್ಯಗಳನ್ನು ಬಿಗಿದ, ಹೊಟ್ಟು ತೂರಿದ, ಎರಡು ಕಡೆ ಇದ್ದ ತಪ್ಪನ್ನು ಹೆಕ್ಕಿದ. ದಫ್ತರಿಯಾಗಿದ್ದಾಗಿನ ಹಸಿವು ಮತ್ತೆ ಬಂದಂತಿತ್ತು. ಕೊನೆಯ ಪುಟದ ಕೆಳಗೆ ಒಂದು ಸಾಲು ಉಳಿದಿತ್ತು. ಓರೆಯಾಗಿ ಹೆಕ್ಕಿದ. ರವಾನೆಯ ಸಂಖ್ಯೆ, ತಾರೀಖು. ಪತ್ರ ದಸರೆಗೆ ಮುಂಚೆಯೇ ಹೋಗಿಯಾಗಿತ್ತು.

ಅವನು ಆ ಸಾಲನ್ನು ಮತ್ತೊಮ್ಮೆ ಹೆಕ್ಕಿ ಓದಿದ. ಆಮೇಲೆ ಅದರ ಮೇಲಿನ ವಾಕ್ಯದಲ್ಲಿ ಉಳಿದಿದ್ದ ಒಂದು ಒರಟು ಪದವನ್ನು ತೆಗೆದು ಸರಿಯಾದದ್ದನ್ನು ಹಾಕಿದ, ಸೇವ್ ಮಾಡಿದ, ಎದ್ದು ಸಾಹೇಬರ ಕೋಣೆಗೆ ಹೋದ.

"ಹೋ ಗಯಾ, ಸರ್."

"ಇತ್ನೀ ಜಲ್ದಿ? ಬಹುತ್ ಬಢಿಯಾ, ಕೆಂಪಣ್ಣಾ ಜೀ. ಬಹುತ್ ಬಢಿಯಾ." ಧ್ವನಿ ಬೇರೆಲ್ಲೋ ನೋಡುತ್ತಿತ್ತು.

ಕೆಂಪಣ್ಣ ಬಾಗಿಲವರೆಗೆ ಹೋಗಿ ನಿಂತ.

"ಇನ್ನೊಂದಿದ್ರೆ ಕೊಡಿ ಸರ್," ಎಂದ. "ಎಂಥದಾದ್ರೂ ಪರವಾಗಿಲ್ಲ."