ಅರಿಶಿನ ಹಚ್ಚಿದ ಕರಪತ್ರ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ ಅದರಲ್ಲಿ ನನ್ನ ಗಂಡನ ಮುಖ ಇತ್ತು. ಎಣ್ಣೆ ಇಳಿದು, ಅವರು ಹಿಡಿದ ಮೈಕು ಕಾಗದದ ಹಿಂಬದಿಯಿಂದಲೂ ಕಾಣುತ್ತಿತ್ತು. ಹಿಂದಿನ ದಿನವಷ್ಟೇ ಅದೇ ನಿಲ್ದಾಣದಲ್ಲಿ ನಾವಿಬ್ಬರೂ ನಿಂತು ಹಂಚಿದ್ದ ಕರಪತ್ರ. ಅವರು ಮಿರ್ಚಿ ನನ್ನ ಕೈಗಿಟ್ಟು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬಿನ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ಹರಡಿತು. ಕೊಟ್ಟೂರಿನ ನಮ್ಮ ಮನೆ ಮುಟ್ಟುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ನನ್ನ ಗಂಡ ಹಾಡುಗಾರರು. ಅವರದೊಂದು ಆರ್ಕೆಸ್ಟ್ರಾ ತಂಡ. ಮದುವೆ, ಗಣಪತಿ, ಶಾಲೆಯ ವಾರ್ಷಿಕೋತ್ಸವ ಎಂದು ಹಡಗಲಿಯಿಂದ ಹರಪನಹಳ್ಳಿಯವರೆಗೆ ಕರೆಯುತ್ತಿದ್ದರು. ಈಗ ಎಲ್ಲರೂ ಡಿಜೆ ತರಿಸುತ್ತಾರೆ. ತಂಡದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಉಳಿದದ್ದು ಅವರು, ತಬಲಾದವರು, ಕೀಬೋರ್ಡಿನವರು. ಕೀಬೋರ್ಡಿನವರು ಹನ್ನೆರಡು ವರ್ಷದ ಜೊತೆಗಾರರು. ಒಂದು ಬೆಳಿಗ್ಗೆ ಅವರೂ ಬಂದು, ಚಹಾದ ಲೋಟ ಕೆಳಗಿಡದೆ ಹೇಳಿದರು. ದಾವಣಗೆರೆಯ ವಾದ್ಯದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಕರೆದಿದ್ದಾರಂತೆ. ಮುಂದಿನ ಭಾನುವಾರ ನಾವು ಇಟ್ಟುಕೊಂಡಿದ್ದ ಹಗರಿಬೊಮ್ಮನಹಳ್ಳಿಯ ಕಾರ್ಯಕ್ರಮ ಒಂದು ಆಗಲಿ, ನೋಡುತ್ತೇನೆ ಎಂದರು. "ಈ ಸಲಾನೂ ಖಾಲಿ ಕುರ್ಚಿಗೆ ನುಡಸಾಕ ನನ್ನ ಕೈಲಿ ಆಗಂಗಿಲ್ಲಣ್ಣ."

ಅವರಿಲ್ಲದೆ ತಂಡವಿಲ್ಲ. ತಂಡವಿಲ್ಲದ ಗಂಡನನ್ನು ನಾನು ಮದುವೆಯಾದಂದಿನಿಂದ ನೋಡಿಲ್ಲ. ಆಗಲೇ ಅವರು ಮನೆಯಲ್ಲಿ ಗುನುಗುವುದನ್ನು ಬಿಟ್ಟಿದ್ದರು. ಊಟಕ್ಕೆ ಕೂತರೆ ಸಾರು ಸುರಿಯುವ ಸದ್ದು ಕೂಡ ದೊಡ್ಡದಾಗಿ ಕೇಳುತ್ತಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಅವರ ಸಹಪಾಠಿಯೊಬ್ಬರ ಕಲ್ಯಾಣ ಮಂಟಪ ಆ ಭಾನುವಾರ ಖಾಲಿ ಇತ್ತು. ಪುಕ್ಕಟೆ ಬಿಟ್ಟುಕೊಟ್ಟರು. ಸಂಜೆ ಉಚಿತವಾಗಿ ಹಾಡುವುದು. ಕೇಳಿದವರು ತಮ್ಮ ಮನೆಯ ಕಾರ್ಯಕ್ಕೆ ಕರೆದರೆ ಸಾಕು ಎಂಬ ಆಸೆ. ಜನರನ್ನು ಸೇರಿಸುವ ಕೆಲಸ ನನ್ನದು. ಖರ್ಚಿಲ್ಲದೆ ಏನೇನು ಮಾಡಬಹುದೋ ಎಲ್ಲ ಮಾಡಿದ್ದೆ. ವಾಟ್ಸಾಪ್ ಸ್ಟೇಟಸ್ ಹಾಕಿದರೆ ನೋಡಿದವರು ನನ್ನ ತಂಗಿ ಮತ್ತು ಗ್ಯಾಸ್ ಸಿಲಿಂಡರ್ ತರುವವರು. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ ಚಹಾದಂಗಡಿಯ ಹಲಗೆಯ ಮೇಲೆ ಬರೆದು ಬಂದೆ. ಮಾರನೆಯ ದಿನ ಅಲ್ಲಿ ಮಂಡಕ್ಕಿ ಒಗ್ಗರಣೆಯ ಬೆಲೆ ಇತ್ತು. ಹೂ ಮಾರುವವರಿಗೆ ಹೇಳಿದೆ. ಅವರು ತಲೆಯಾಡಿಸಿ, ಮೊಳ ಹೂ ಹೆಚ್ಚಿಗೆ ಕೊಟ್ಟು ಕಳಿಸಿದರು.

ಮಿರ್ಚಿಯ ಕಾಗದ ನೋಡಿದ ಮೇಲೆ ಒಂದೇ ಯೋಚನೆ ಹತ್ತಿಕೊಂಡಿತು. ನಮ್ಮ ಮನೆಗಳಲ್ಲಿ ಯಾರೂ ಹರಿಯದ ಕಾಗದ ಯಾವುದು? ಮೂಲೆಗೆ ಅರಿಶಿನ ಹಚ್ಚಿದ್ದು. ಅದನ್ನು ತುಳಿಯುವುದಿಲ್ಲ, ಅದರಲ್ಲಿ ಏನನ್ನೂ ಕಟ್ಟುವುದಿಲ್ಲ. ಕಾರ್ಯ ಮುಗಿಯುವವರೆಗೆ ದೇವರ ಜಗುಲಿಯ ಮೇಲಿರುತ್ತದೆ. ಅಂದೇ ಬಟ್ಟಲಲ್ಲಿ ಅರಿಶಿನ ಕಲಸಿ, ಉಳಿದಿದ್ದ ಕರಪತ್ರಗಳ ನಾಲ್ಕೂ ಮೂಲೆಗೆ ಬೆರಳೊತ್ತಿದೆ. ಗಂಡನಿಗೆ ಹೇಳಲಿಲ್ಲ. ಮೂರು ದಿನ ಬೆಳಗಿನ ಬಸ್ಸಿಗೆ ಹೋಗಿ, ಹಗರಿಬೊಮ್ಮನಹಳ್ಳಿಯ ಓಣಿಗಳಲ್ಲಿ ಮನೆಮನೆಗೆ ಕೊಟ್ಟು ಬಂದೆ. ಹೆಂಗಸರು ಎರಡೂ ಕೈ ಚಾಚಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ನನಗೆ ಕುಂಕುಮ ಕೊಟ್ಟರು. ಯಾರೂ ಓದಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎಲ್ಲಿ, ಯಾವತ್ತು ಎಂದಷ್ಟೇ ಕೇಳಿದರು. ಕಲ್ಯಾಣ ಮಂಟಪ, ಭಾನುವಾರ ಸಂಜೆ, ತಪ್ಪದೇ ಬರ್ರಿ ಎಂದೆ.

ತಪ್ಪದೇ ಬಂದರು. ಆರೂವರೆಗೆ ಮಂಟಪ ತುಂಬಿತು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳು. ನನ್ನ ಗಂಡ ಪರದೆ ಸರಿಸಿ ನೋಡಿ, ನಿಲ್ಲಾಕೂ ಜಾಗ ಇಲ್ಲ ನೋಡು ಎಂದು ನನ್ನ ಕೈ ಹಿಡಿದರು. ಅವರ ಅಂಗೈ ಒದ್ದೆಯಾಗಿತ್ತು. ಕೀಬೋರ್ಡಿನವರು ಇಸ್ತ್ರಿ ಅಂಗಿಯ ತೋಳು ಮಡಿಚಿಕೊಂಡರು. ಮೊದಲ ಹಾಡು ಶುರುವಾದಾಗ ನಾನು ಸಾಲುಗಳನ್ನು ನೋಡುತ್ತ ಬಂದೆ. ಸಾಲಿಗೊಬ್ಬರ ಮಡಿಲಲ್ಲಿ ಬ್ಲೌಸ್ ಪೀಸು, ತೆಂಗಿನಕಾಯಿ.

ಮೂರು ಹಾಡು ಸುಮ್ಮನೆ ಕೂತು ಕೇಳಿದರು. ಮಕ್ಕಳು ಊಟದ ಕೋಣೆಗೆ ಓಡಿಹೋಗಿ ಇಣುಕಿ, ವಾಪಸು ಬಂದು ತಾಯಂದಿರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಒಬ್ಬ ಅಜ್ಜಿ ನನ್ನ ಹತ್ತಿರ ಬಂದರು.

"ಮದುಮಗಳು ಎಲ್ಲಿ ಅದಾಳವ್ವ? ಉಡಿ ತುಂಬಿ ಹೋಕ್ಕೀವಿ."

ಹೇಳಿದೆ. ಅವರು ನನ್ನನ್ನೇ ನೋಡಿದರು, ಆಮೇಲೆ ಹಿಂದಿನ ಸಾಲಿಗೆ ತಿರುಗಿದರು. "ಮದುವಿ ಅಲ್ಲಂತಬೇ. ಹಾಡಂತ."

"ಮತ್ತ ಊಟ?"

"ಊಟಾನೂ ಹಾಡ ಅಂತ."

ನಗು ಸಾಲಿನಿಂದ ಸಾಲಿಗೆ ಹೋಯಿತು. ಮನೆಯಲ್ಲಿ ಒಲೆ ಹಚ್ಚದೆ ಬಂದಿದ್ದೇವೆ ಎಂದು ಒಬ್ಬರು ಗೊಣಗಿದರು. ಬೈಯಲಿಲ್ಲ ಯಾರೂ. ತಂದದ್ದನ್ನು ವಾಪಸು ಒಯ್ಯಬಾರದೆಂದು ಹನ್ನೊಂದು ಬ್ಲೌಸ್ ಪೀಸು, ಎಂಟು ಕಾಯಿ ನನ್ನ ಮುಂದಿನ ಕುರ್ಚಿಯ ಮೇಲೆ ಇಟ್ಟು ಹೋದರು.

ನನ್ನ ಗಂಡ ಕಣ್ಣು ಮುಚ್ಚಿ ಹಾಡುತ್ತಿದ್ದರು. ಚರಣ ಮುಗಿಸಿ ಕಣ್ಣು ತೆರೆದಾಗ ಅರ್ಧ ಮಂಟಪ ಬಾಗಿಲಲ್ಲಿತ್ತು. ಅವರು ಗಂಟಲು ಸರಿಮಾಡಿಕೊಂಡರು. ನೀರು ಕುಡಿದರು. ಕೀಬೋರ್ಡಿನವರಿಗೆ ಸನ್ನೆ ಮಾಡಿ ಶ್ರುತಿ ಇಳಿಸಿದರು. ತಮ್ಮ ದನಿಯೇ ಕೆಟ್ಟಿದೆ ಅಂದುಕೊಂಡಿದ್ದಾರೆಂದು ನನಗೆ ಗೊತ್ತಾಯಿತು. ವೇದಿಕೆಗೆ ನಾಲ್ಕೇ ಮೆಟ್ಟಿಲು. ಹತ್ತಿ ಹೋಗಿ ಹೇಳಲಿಲ್ಲ. ಇನ್ನೂ ಐದು ಹಾಡು ಅವರು ಹಾಗೇ ಹಾಡಿದರು.

ಎಲ್ಲ ಮುಗಿದ ಮೇಲೆ ಹೇಳಿದೆ. ಕೀಬೋರ್ಡಿನವರು ವೈರು ಸುತ್ತುತ್ತ ನಕ್ಕರು. "ಹಸಕೊಂಡು ಮೂರು ಹಾಡು ಕೂತಿದ್ರಲ್ರಿ ಅಕ್ಕಾರ, ಅದೇನ್ ಕಮ್ಮೀನ?" ಹಾಗೆಂದವರೇ ಮಂಗಳವಾರ ದಾವಣಗೆರೆಯ ಬಸ್ಸು ಹತ್ತಿದರು.

ನನ್ನ ಗಂಡನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿದರು, "ಹಂಗಾರ ಅವರು ನನ್ನ ಸಲುವಾಗಿ ಎದ್ದು ಹೋಗಲಿಲ್ಲ?"

"ಇಲ್ರಿ."

"ನನ್ನ ಸಲುವಾಗಿ ಬಂದೂ ಇರಲಿಲ್ಲ."

ಮಾರನೆಯ ವಾರ ಬ್ಲೌಸ್ ಪೀಸುಗಳನ್ನು ವಾಪಸು ಕೊಡಲು ಹೋದೆ. ಯಾರೂ ತೆಗೆದುಕೊಳ್ಳಲಿಲ್ಲ. ಆ ಅಜ್ಜಿ ಮಾತ್ರ ಕೂರಿಸಿ ಮಜ್ಜಿಗೆ ಕೊಟ್ಟರು. ಬಸುರಿ ಮೊಮ್ಮಗಳಿಗೆ ಕುಬಸ ಮಾಡುವುದಿದೆ, ಆ ಎರಡನೇ ಹಾಡು ಹಾಡಿದವರು ಬರುತ್ತಾರೇನು ಎಂದು ಕೇಳಿದರು. ಕೀಬೋರ್ಡಿನವರು ಬಿಟ್ಟುಹೋದರು ಎಂದೆ. "ಬಾಯಿ ಐತಲ್ಲ ಅವರಿಗೆ," ಎಂದರು.

ಕುಬಸ ಬರುವ ಶುಕ್ರವಾರ. ಮನೆಗೆ ಬಂದು ಹೇಳಿದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಬರುತ್ತಾರೆ ಎಂದು ನಾನು ಅಜ್ಜಿಗೆ ಮಾತು ಕೊಟ್ಟು ಬಂದಿರುವುದನ್ನು ಅವರಿಗೆ ಇನ್ನೂ ಹೇಳಿಲ್ಲ.