ಮೊದಲು ಇಳಿಯಲು ಕಲಿಸಿದವರು

ಅವರ ಬಲಗೈಯ ನಡುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುವಾಗ ಯಾವುದೋ ಮುಚ್ಚಳಕ್ಕೆ ಸಿಕ್ಕಿ ಹೋಗಿತ್ತಂತೆ. ಆ ಮೋಟು ಬೆರಳಿನಿಂದಲೇ, ಆಟದ ಜಾಯ್‌ಸ್ಟಿಕ್ ಹಿಡಿದಿದ್ದ ನನ್ನ ಮಣಿಕಟ್ಟಿಗೆ ತಟ್ಟಿ, "ಹಿಡೀಬೇಡ್ವೋ, ಮುಟ್ಟು. ಅದೇನು ಬಸ್ಸಿನ ಕಂಬಿನಾ?" ಎನ್ನುತ್ತಿದ್ದರು. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಕೆಳಗಡೆ ಮಗಳೊಂದಿಗೆ ಇದ್ದ ಅವರನ್ನು ನಾನು ಅಂಕಲ್ ಎಂದೇ ಕರೆಯುತ್ತಿದ್ದೆ.

ನಲವತ್ತರ ಹತ್ತಿರ ನನಗೆ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಅದು ಮಕ್ಕಳಾಟವಲ್ಲ; ಇಂಜಿನ್ ಶುರು ಮಾಡುವುದಕ್ಕೇ ಇಪ್ಪತ್ತು ಗುಂಡಿ ಒತ್ತಬೇಕು. ಜಾಯ್‌ಸ್ಟಿಕ್ ತಂದ ಮೊದಲ ವಾರ ಹಾರಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಸದ್ದು ಕೇಳಿ ಮೇಲೆ ಬಂದ ಅಂಕಲ್, "ಥೂ! ಗುಂಡು ಹೊಡಿಯೋಕೆ ಯಾಕಪ್ಪಾ ಅವಸರ? ಮೊದ್ಲು ಇಳಿಯೋದು ಕಲಿ. ಇಳಿಯೋಕೆ ಬರ್ದಿದ್ದೋನು ಗೆದ್ರೂ ಸತ್ತ ಹಾಗೇನೇ" ಎಂದರು. ಅಂದಿನಿಂದ ದಿನಾ ಸಂಜೆ ಪಾಠ. ಎರಡು ತಿಂಗಳು ಒಂದು ಗುಂಡೂ ಹಾರಿಸಲು ಬಿಡಲಿಲ್ಲ.

ಬಂದವರು ಮೊದಲು ನನ್ನ ಕುರ್ಚಿ, ಮೇಜುಗಳ ಸುತ್ತ ಒಂದು ಸುತ್ತು ಬರುತ್ತಿದ್ದರು. ಆಮೇಲೆ ನೋವಿದ್ದರೂ ಮಂಡಿಯೂರಿ ಮೇಜಿನಡಿಯ ಒಂದೊಂದು ವೈರನ್ನೂ ಅಲ್ಲಾಡಿಸಿ ನೋಡುತ್ತಿದ್ದರು. ನಾನು ನಕ್ಕರೆ, "ಸುತ್ತು ಬರ್ದೆ ಯಾವ ವಿಮಾನನೂ ನಾನು ಮೇಲೆ ಬಿಟ್ಟಿಲ್ಲ" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಬೇರೆಯವರನ್ನು ಮೇಲೆ ಕಳಿಸಿದ ಮನುಷ್ಯ ತಾವು ಒಮ್ಮೆಯೂ ಹಾರಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದಾಗಿ ಅಧಿಕಾರಿಯೊಬ್ಬರು ಮಾತು ಕೊಟ್ಟಿದ್ದರಂತೆ. ಆ ದಿನ ಯಾರೋ ದೊಡ್ಡ ಮನುಷ್ಯರು ಬಂದು ಸೀಟು ಅವರ ಪಾಲಾಯಿತು. ನೀವೇ ಹಾರಿಸಿ ಎಂದು ನಾನು ಸ್ಟಿಕ್ ಕೊಟ್ಟರೆ, "ನೀನು ಹತ್ತು ಸಲ ನೆಟ್ಟಗೆ ಇಳಿಸು. ಆಮೇಲೆ ನಾನು ಕೂರ್ತೀನಿ" ಎಂದರು.

ಹತ್ತನೆಯದು ಒಂದು ಶುಕ್ರವಾರ ಆಯಿತು. "ನಾಳೆ ನಂದು" ಎಂದು ನಗುತ್ತಾ ಮೆಟ್ಟಿಲಿಳಿದರು.

ಮರುದಿನ ಸಂಜೆ ನಾನೆಂಬ ಮಹಾನುಭಾವ ಅದನ್ನು ಮರೆತು, ಆನ್‌ಲೈನ್ ಗೆಳೆಯರ ಜೊತೆ ಮೊದಲ ಕಾಳಗಕ್ಕೆ ಕುಳಿತಿದ್ದ. ಕಿವಿಗೆ ಹೆಡ್‌ಫೋನ್, ಬಾಗಿಲಿಗೆ ಬೆನ್ನು. ಒಬ್ಬ ಕೇಳಿದ: "ಸಖತ್ತಾಗಿ ಇಳಿಸ್ತೀಯಲ್ಲ ಮಗಾ, ಯಾರೋ ಪೈಲಟ್ ಹೇಳ್ಕೊಡ್ತಾರಂತೆ?" ದೊಡ್ಡಸ್ತಿಕೆಗೆ ಬಾಯಿಗೆ ಬಂದದ್ದು ಬೊಗಳಿದೆ: "ಪೈಲಟ್ ಎಲ್ಲಿಂದ ಬಂದ ಗುರು! ಕೆಳಮನೆ ಮುದುಕ. ವಿಮಾನದ ಟೈರಿಗೆ ಗಾಳಿ ಹೊಡೀತಿದ್ದೋನು. ಬಂದ್ರೆ ಎದ್ದು ಹೋಗೋದೇ ಇಲ್ಲ."

ಎಲ್ಲರೂ ನಕ್ಕರು. ನನ್ನ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಮೇಜಿನಡಿ ಅಂಕಲ್, ಕೈಯಲ್ಲಿ ವೈರು. ನನಗೆ ತೊಂದರೆ ಕೊಡಬಾರದೆಂದು ಸದ್ದಿಲ್ಲದೆ ಬಂದು ತಮ್ಮ ತಪಾಸಣೆ ಶುರು ಮಾಡಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು.

ಮೇಜು ಹಿಡಿದು ಎದ್ದರು. "ವೈರ್ ಸಡಿಲ ಇತ್ತು, ಸರಿ ಮಾಡಿದೀನಿ. ಇನ್ನು ನೀವು ಹಾರಿಸ್ಕೊಳ್ಳಿ" ಎಂದರು. ನನ್ನನ್ನು ಅವರು ನೀವು ಎಂದದ್ದು ಅದೇ ಮೊದಲು.

ಹಿಂದೆಯೇ ಓಡಬೇಕಿತ್ತು. ನಾಚಿಕೆಗೆಟ್ಟವನು ಆಟ ಮುಗಿಸಿದೆ. ನಾಳೆ ಹೋಗಿ ಕಾಲು ಹಿಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಗೇಟಿನ ಹತ್ತಿರ ಎದುರಾದರೆ ಫೋನು ಕಿವಿಗಿಟ್ಟುಕೊಂಡು ದಾಟಿಬಿಡುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಎದೆನೋವು ಎಂದವರು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ಈಗ ನಮ್ಮ ಆನ್‌ಲೈನ್ ಗುಂಪಿನಲ್ಲಿ ನನ್ನಷ್ಟು ಮೆತ್ತಗೆ ಇಳಿಸುವವರು ಯಾರೂ ಇಲ್ಲ. ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ, ಅವರದೇ ಮಾತುಗಳಲ್ಲಿ. ಯಾರ ಮಾತೆಂದು ಮಾತ್ರ ಇವತ್ತಿಗೂ ಹೇಳಿಲ್ಲ.

ಅವರ ಶಿವಗಣಾರಾಧನೆಯ ದಿನ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಣ್ಣ, ಅಪ್ಪ ನಿಮ್ಮನೆಗೆ ಬರೋದು ಯಾಕೆ ಬಿಟ್ರು? ಎಷ್ಟು ಕೇಳಿದ್ರೂ 'ಅವ್ನು ಕಲಿತಾಯ್ತಮ್ಮ, ಇನ್ನು ನಾನ್ಯಾಕೆ' ಅಂತಿದ್ರು."

ಎದುರಿಗೆ ಅವರ ಫೋಟೊ ಇತ್ತು.

"ಮಂಡಿನೋವು ಇತ್ತಲ್ಲಮ್ಮ. ಮೆಟ್ಟಿಲು ಹತ್ತಬೇಡಿ ಅಂತ ನಾನೇ ಹೇಳಿದ್ದೆ" ಎಂದೆ.

ಆಕೆ ಕಣ್ಣೊರೆಸಿಕೊಂಡು ನನಗೆ ಕೈಮುಗಿದರು.